ಬಸಪ್ಪಜ್ಜನ ಮೂವತ್ತು ಸಾವಿರ ಸಸಿ

ನನ್ನ ಹತ್ತಿರ ಬಣ್ಣ ಆರಿಸಿಕೊಡುವ ಸಲಕರಣೆಗಳು ಮೂವತ್ತೊಂದು ಇವೆ. ಇಲ್ಲಿಯವರೆಗೆ ನಾನು ಮಾಡಿಕೊಟ್ಟ ವೆಬ್‌ಸೈಟುಗಳು ಒಂಬತ್ತು. ಅವುಗಳಲ್ಲಿ ಎಂಟು ನೀಲಿ, ಒಂದು ಗಿರಾಕಿಯ ಹಟದಿಂದ ಕೇಸರಿ. ಇಷ್ಟು ಹೇಳಿದರೆ ನನ್ನ ಕಸುಬಿನ ಬಗ್ಗೆ ಅರ್ಧ ಹೇಳಿದಂತೆ. ಉಳಿದ ಅರ್ಧ ಇದು: ಕೆಲಸಕ್ಕೆ ಹೆದರುವ ಮನುಷ್ಯ ಸುಮ್ಮನೆ ಕೂರುವುದಿಲ್ಲ, ತಯಾರಿ ಮಾಡಿಕೊಳ್ಳುತ್ತಾನೆ. ವೆಬ್‌ಸೈಟು ಕಟ್ಟುವವರಿಗೆ ಅಂತ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಸಲಕರಣೆಗಳಿಗೆ ಲೆಕ್ಕವಿಲ್ಲ. ಅಕ್ಷರಕ್ಕೆ ಅಕ್ಷರ ಜೋಡಿ ಮಾಡಿಕೊಡುವುದು, ಫೋಟೋದ ತೂಕ ಇಳಿಸುವುದು, ನೆರಳು ಎಷ್ಟು ದಪ್ಪ ಬೀಳಬೇಕೆಂದು ಹೇಳುವುದು, ಗುಂಡಿಯ ಮೂಲೆಯನ್ನು ಎಷ್ಟು ದುಂಡಗೆ ಮಾಡಬೇಕೆಂದು ತೋರಿಸುವುದು. ಇವುಗಳಲ್ಲಿ ಯಾವುದು ಕಣ್ಣಿಗೆ ಬಿದ್ದರೂ ನಾನು ಗುರುತು ಹಾಕಿಟ್ಟುಕೊಳ್ಳುತ್ತೇನೆ. ನಮ್ಮವ್ವ ಪ್ಲಾಸ್ಟಿಕ್ ಚೀಲಗಳನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಗಿಲ ಹಿಂದೆ ನೇತು ಹಾಕುತ್ತಾಳಲ್ಲ, ಅದೇ ರೋಗ. ನನ್ನದು ಕಂಪ್ಯೂಟರಿನೊಳಗೆ ನೇತಾಡುತ್ತದೆ. ಆ ಗಂಟಿಗೆ ‘ಆಮೇಲೆ ನೋಡು’ ಎಂದು ಹೆಸರಿಟ್ಟಿದ್ದೇನೆ. ಎರಡು ಸಾವಿರದ ನಾನೂರು ಸೇರಿವೆ. ಆಮೇಲೆ ಎನ್ನುವುದು ಮಾತ್ರ ಇನ್ನೂ ಬಂದಿಲ್ಲ.

ನಮ್ಮ ಆಫೀಸು ಹೊಸಪೇಟೆಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ. ಕೆಳಗೆ ಸುತ್ತಿಗೆ ಬಿದ್ದರೆ ಮೇಲೆ ನಮ್ಮ ಚಹಾ ಅಲುಗುತ್ತದೆ. ಆಫೀಸಿನಲ್ಲಿ ಇರುವವರು ಇಬ್ಬರು: ಮಾಲೀಕ ಮಲ್ಲಣ್ಣ, ಮತ್ತು ಹುಲಿಗೇಶನಾದ ನಾನು. ಮಲ್ಲಣ್ಣ ಸಂಡೂರಿನ ಕಡೆ ಗಣಿಯೊಂದರಲ್ಲಿ ಅದಿರಿನ ಲಾರಿ ತೂಗುವ ಕಡೆ ಬಹಳ ವರ್ಷ ಕಂಪ್ಯೂಟರ್ ನೋಡಿಕೊಂಡಿದ್ದವರು. ಅವರ ಸಲಕರಣೆಗಳು ಮೂರೇ: ಒಂದು ನೋಟುಬುಕ್ಕು, ಒಂದು ಪೆನ್ನು, ಕಂಪ್ಯೂಟರಿನ ನೆತ್ತಿಗೆ ಒಂದು ಪೆಟ್ಟು. ‘ಲೇ, ಲಾರಿ ಬಂದು ನಿಂತಾಗ ಡ್ರೈವರು ಬಣ್ಣ ನೋಡಂಗಿಲ್ಲ, ಚೀಟಿ ಕೇಳತಾನ’ ಎನ್ನುವುದು ವೆಬ್ ವಿನ್ಯಾಸದ ಬಗ್ಗೆ ಅವರಿಗಿರುವ ಪೂರ್ತಿ ಸಿದ್ಧಾಂತ. ಅದನ್ನು ಅವರ ದನಿಯಲ್ಲೇ, ಮೂಗಿನಿಂದ, ಎಡಗೈಯಲ್ಲಿ ಪ್ಯಾಂಟು ಮೇಲೆಳೆದುಕೊಳ್ಳುತ್ತಾ ನಾನು ಹೇಳಿದರೆ ಕೆಳಗಿನ ಅಂಗಡಿಯವರು ನಗುತ್ತಾರೆ. ಒಂದು ಸಲ ಎಲ್ಲರೂ ನಗುವುದನ್ನು ಒಮ್ಮೆಲೇ ನಿಲ್ಲಿಸಿದರು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಮಲ್ಲಣ್ಣ. ‘ಪ್ಯಾಂಟು ಬಲಗೈಲೆ ಎಳೀತೀನ್ಲೇ ನಾನು, ಸರಿಯಾಗಿ ನೋಡ್ಕ’ ಎಂದಷ್ಟೇ ಹೇಳಿ ಮೇಲೆ ಹೋದರು.

ಹೌದು, ನನಗೆ ಈ ಚಟವೂ ಇದೆ. ಯಾರ ದನಿಯಾದರೂ ಎರಡು ಸಲ ಕೇಳಿದರೆ ನನ್ನ ಗಂಟಲಿಗೆ ಇಳಿದುಬಿಡುತ್ತದೆ. ಕಂಪ್ಲಿ ಬಸ್ಸಿನ ಕಂಡಕ್ಟರು, ಒಂದೇ ಕಲ್ಲಿನ ಬಗ್ಗೆ ನಾಲ್ಕು ಭಾಷೆಯಲ್ಲಿ ನಾಲ್ಕು ಬೇರೆ ಬೇರೆ ಕಥೆ ಹೇಳುವ ಹಂಪಿಯ ಗೈಡು, ಫೋನಿನಲ್ಲಿ ಅಕ್ಕತಂಗಿಯರೊಡನೆ ಮಾತಾಡುವಾಗ ಒಂದು ಮೆಟ್ಟಿಲು ಮೇಲೇರುವ ಅವ್ವನ ದನಿ, ಎಲ್ಲ ಬರುತ್ತವೆ. ಸ್ವಂತ ದನಿಯಲ್ಲಿ ಮಾತಾಡಬೇಕಾಗಿ ಬಂದಾಗ ಮಾತ್ರ ತಡವರಿಸುತ್ತೇನೆ. ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ಪಕ್ಕದ ಕ್ಲಾಸಿಗೆ ರಜೆ ಕೊಟ್ಟು ಬಿಟ್ಟಿದ್ದೆ. ಮೂವತ್ತು ಹುಡುಗರು ಮನೆಗೆ ಹೋದರು. ನನಗೆ ರಜೆ ಸಿಗಲಿಲ್ಲ, ಬೇರೆಯದೇ ಸಿಕ್ಕಿತು.

ವಿಷಯಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಆಫೀಸಿಗೆ ರೇಣುಕಕ್ಕ ಬಂದರು. ಕಂಪ್ಲಿಯ ಹತ್ತಿರ ಅವರದು ಮೆಣಸಿನಕಾಯಿ ಸಸಿಗಳ ನರ್ಸರಿ. ಹನ್ನೊಂದು ವರ್ಷ ಬೇರೆಯವರ ನರ್ಸರಿಯಲ್ಲಿ ಟ್ರೇಗೆ ಮಣ್ಣು ತುಂಬಿ, ಬೀಜ ಊರಿ, ಕೊನೆಗೆ ಈ ಸಲ ಸ್ವಂತದ್ದು ಶುರು ಮಾಡಿದ್ದರು. ಮೊದಲ ಹಂಗಾಮು. ಅವರು ಕುರ್ಚಿಯ ತುದಿಯಲ್ಲಿ ಕುಳಿತು ನನಗೆ ವಿವರಿಸಿದ್ದು ಇಷ್ಟು: ಟ್ರೇಯಲ್ಲಿ ಹಾಕಿದ ಮೆಣಸಿನ ಸಸಿ ನಲವತ್ತು ದಿನಕ್ಕೆ ತಯಾರಾಗುತ್ತದೆ. ಆಮೇಲೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಹೊಲ ಸೇರಬೇಕು. ಇಲ್ಲದಿದ್ದರೆ ಬೇರು ಸುತ್ತಿಕೊಂಡು, ಕಾಂಡ ಉದ್ದ ಬೆಳೆದು, ಯಾರೂ ಮುಟ್ಟುವುದಿಲ್ಲ. ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ರೈತರೆಲ್ಲ ಒಟ್ಟಿಗೇ ಬಂದು ನಿಲ್ಲುತ್ತಾರೆ. ಹಾಗಾಗಿ ಯಾರಿಗೆ ಎಷ್ಟು ಬೇಕೆಂದು ಬೀಜ ಊರುವ ಮೊದಲೇ ಗೊತ್ತಿರಬೇಕು. ರೈತರೋ ಫೋನಿಗೆ ದನಿ ಕಳಿಸುತ್ತಾರೆ: ‘ಅಕ್ಕಾ, ನಾನು. ಹೋದ ಸಲ ನೀ ಮೊದಲಿದ್ದ ನರ್ಸರ್ಯಾಗ ತಗಂಡಿದ್ದೆನಲ, ಅಷ್ಟ ಇಡು.’ ಹೆಸರಿಲ್ಲ, ಊರಿಲ್ಲ; ಹಿಂದೆ ಒಂದು ಎಮ್ಮೆ ಕೂಗುತ್ತಿರುತ್ತದೆ.

‘ನನಗ ಒಂದು ಪಟ್ಟಿ ಬೇಕು ತಮ್ಮಾ’ ಎಂದರು ರೇಣುಕಕ್ಕ. ‘ಯಾರು, ಯಾವೂರು, ಎಷ್ಟು ಸಸಿ, ಯಾವಾಗ ಬೇಕು. ಅವರ ಫೋನಿನ್ಯಾಗ ಅವರು ತುಂಬಬೇಕು, ನನ್ನ ಫೋನಿನ್ಯಾಗ ನನಗ ಕಾಣಬೇಕು.’

‘ಇಷ್ಟ ಸಾಕೇನಕ್ಕ?’

‘ಮತ್ತೇನು, ಅವರ ಜಾತಕ ಬೇಕೇನು?’

ನಾನು ಬೀಜದ ಕಂಪನಿಯ ಏಜೆಂಟರು ರೈತರ ಹತ್ತಿರ ಹೇಗೆ ಮಾತಾಡುತ್ತಾರೆಂದು ಅರ್ಧ ಇಂಗ್ಲಿಷು ಅರ್ಧ ತೆಲುಗಿನಲ್ಲಿ ಮಾಡಿ ತೋರಿಸಿದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು, ‘ಭಾಳ ಮಸ್ತ್ ಅದೀಯೋ ನೀನು’ ಎಂದರು. ನೆನಪಿಡಿ, ಈ ನಗುವೇ ಮುಂದೆ ನನಗೆ ಮುಳುವಾಯಿತು.

ಒಂದು ದಿನದ ಕೆಲಸ ಅದು. ಎರಡನೆಯ ದಿನ ಮಧ್ಯಾಹ್ನಕ್ಕೆ ಮುಗಿಸಿದೆ, ಅಲ್ಲಿಗೆ ಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಇರುತ್ತಿರಲಿಲ್ಲ. ಆದರೆ ವೆಬ್‌ಸೈಟಿಗೆ ಅಂಕ ಕೊಡುವ ಒಂದು ಸಲಕರಣೆ ಇದೆ. ವಿಳಾಸ ಹಾಕಿದರೆ ಅರ್ಧ ನಿಮಿಷ ಯೋಚಿಸಿ, ಎಷ್ಟು ವೇಗ, ಎಷ್ಟು ಚಂದ ಎಂದು ನೋಡಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ತೊಂಬತ್ತೊಂದು ಬಂತು. ಓದುವ ಕಾಲದಲ್ಲಿ ಮೂರು ವಿಷಯ ಕೂಡಿಸಿದರೂ ತೊಂಬತ್ತೊಂದು ದಾಟದವನಿಗೆ ಅಷ್ಟು ಬಂದದ್ದೇ ತಲೆ ತಿರುಗಲು ಸಾಕಿತ್ತು. ಆದರೆ ಮನುಷ್ಯನ ಸ್ವಭಾವ ನೋಡಿ, ನನಗೆ ಉಳಿದ ಒಂಬತ್ತೇ ಕಾಣತೊಡಗಿತು.

‘ಏನ್ಲೇ, ಮುಗೀತಾ?’ ಎಂದರು ಮಲ್ಲಣ್ಣ.

‘ತೊಂಬತ್ತೊಂದು ಬಂದೈತಣ್ಣ.’

‘ಪಾಸಾತಲ ಮತ್ತ? ಕೊಟ್ಟು ಕಳಸು.’

ಪಾಸಾಗುವುದಕ್ಕೂ ನೂರು ತೆಗೆಯುವುದಕ್ಕೂ ಇರುವ ವ್ಯತ್ಯಾಸ ಅದಿರು ತೂಗಿದವರಿಗೆ ಹೇಗೆ ತಿಳಿಯಬೇಕು? ನಾನು ‘ಆಮೇಲೆ ನೋಡು’ ಗಂಟು ಬಿಚ್ಚಿದೆ. ಫೋಟೋ ತೂಕ ಇಳಿಸುವ ಸಲಕರಣೆಗೆ ರೇಣುಕಕ್ಕನ ಸಸಿಗಳ ಫೋಟೋ ಹಾಕಿ ಇಳಿಸುತ್ತಾ ಹೋದೆ. ಐದನೆಯ ಸಲಕ್ಕೆ ಮೆಣಸಿನ ಸಸಿ ಹೋಗಿ ಬಾವಿಯ ಗೋಡೆಯ ಪಾಚಿಯಂತೆ ಕಾಣಿಸಿತು, ಅಂಕ ಎರಡು ಏರಿತು. ಅಕ್ಷರಗಳಿಗೆ ತಿಳಿ ಬೂದು, ಹಿನ್ನೆಲೆಗೆ ಇನ್ನೂ ತಿಳಿ ಬೂದು ಆರಿಸಿದೆ. ಹೊರದೇಶದ ದೊಡ್ಡ ಕಂಪನಿಗಳೆಲ್ಲ ಹಾಗೆಯೇ ಮಾಡಿದ್ದವು. ಪಟ್ಟಿಯಲ್ಲಿ ಫೋನ್ ನಂಬರುಗಳು ಸಾಲಾಗಿ ನಿಂತು ಗಲೀಜು ಕಾಣುತ್ತಿದ್ದವು. ಅವುಗಳನ್ನು ಅಡಗಿಸಿ, ಬದಲಿಗೆ ಒಂದು ಪುಟ್ಟ ಫೋನಿನ ಚಿತ್ರ ಇಟ್ಟೆ. ಒತ್ತಿದರೆ ಕರೆ ಹೋಗುತ್ತದೆ, ನಂಬರು ಯಾವುದೆಂದು ಕಾಣುವುದಿಲ್ಲ. ಎಷ್ಟು ನಾಜೂಕು ಎಂದು ನಾನೇ ಮೂರು ಸಲ ಒತ್ತಿ ನೋಡಿದೆ.

ಇನ್ನು ಪಟ್ಟಿ ತುಂಬಿದಾಗ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸಬೇಕಲ್ಲ? ಅದಕ್ಕೂ ಸಲಕರಣೆ ಇದೆ. ಇಷ್ಟು ಜನ ಬೇಕು ಎಂದರೆ ಹೆಸರು, ವಿಳಾಸ, ನಂಬರು ಎಲ್ಲ ಹುಟ್ಟಿಸಿ ಕೊಡುತ್ತದೆ. ಕೇಳಿದೆ, ಕೊಟ್ಟಿತು. ಆದರೆ ಎಲ್ಲ ಹಿಮ ಬೀಳುವ ದೇಶದವರು. ನನ್ನ ನಾಲಿಗೆ ಹೊರಳದ ಹೆಸರಿನ ಹೆಂಗಸೊಬ್ಬಳು ಕಂಪ್ಲಿಯಿಂದ ನಾನೂರು ಮೆಣಸಿನ ಸಸಿ ಕೇಳಿದ್ದಳು. ನನಗೆ ನಗು ಬಂತು, ಹಿಂದೆಯೇ ಛಲವೂ ಬಂತು. ಅವರನ್ನೆಲ್ಲ ಅಳಿಸಿ ನಾನೇ ಹತ್ತೊಂಬತ್ತು ರೈತರನ್ನು ಹುಟ್ಟಿಸಿದೆ. ಮೆಟ್ರಿ ಊರಿನಲ್ಲಿ ದೊಡ್ಡ ಹನುಮಂತ, ಸಣ್ಣ ಹನುಮಂತ ಎಂಬ ಅಣ್ಣತಮ್ಮಂದಿರು. ಮಾತು ಬಿಟ್ಟವರು, ಒಬ್ಬ ನಾಲ್ಕು ಸಾವಿರ ಹಾಕಿದರೆ ಇನ್ನೊಬ್ಬ ನಾಲ್ಕು ಸಾವಿರದ ನೂರು. ರಾಮಸಾಗರದ ಈರಮ್ಮ, ‘ಸಸಿ ಒಯ್ಯಾಕ ಅಳಿಯ ಬರತಾನ, ಅವನ ಕೂಡ ಜಾಸ್ತಿ ಮಾತಾಡಬ್ಯಾಡ್ರಿ’ ಎಂದು ಷರಾ ಬರೆದವರು. ಎಲ್ಲರಿಗಿಂತ ಮೇಲೆ, ನನ್ನ ಕೈಚಳಕದ ತುತ್ತತುದಿ, ಚೋರನೂರಿನ ಬಸಪ್ಪಜ್ಜ: ಮೂವತ್ತು ಸಾವಿರ ಸಸಿ, ‘ಜಲ್ದಿ ಬೇಕು, ನನಗ ವಯಸ್ಸಾಗೇತಿ’. ಗೊತ್ತಿಲ್ಲದವರಿಗೆ ಕರೆ ಹೋಗಿ ತೊಂದರೆಯಾಗಬಾರದೆಂದು ಹತ್ತೊಂಬತ್ತೂ ಜನಕ್ಕೆ ನನ್ನ ಎರಡನೆಯ ಸಿಮ್ಮಿನ ನಂಬರನ್ನೇ ಕೊಟ್ಟೆ. ನನ್ನಲ್ಲಿ ಜವಾಬ್ದಾರಿ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ರೇಣುಕಕ್ಕನಿಗೆ ಲಿಂಕ್ ಕಳಿಸಿ, ‘ಸ್ಟೇಜಿಂಗ್‌ನಲ್ಲಿ ಡಮ್ಮಿ ಡೇಟಾ ಇದೆ, ಚೆಕ್ ಮಾಡಿ’ ಎಂದು ಬರೆದೆ. ಇನ್ನೂ ರೈತರಿಗೆ ತೆರೆದಿಲ್ಲ, ಇದು ಪರೀಕ್ಷೆಯ ಜಾಗ, ಇರುವುದೆಲ್ಲ ಸುಳ್ಳು ಹೆಸರು ಎಂದು ಅರ್ಥ. ಹಾಗೆಯೇ ಬರೆಯಬಹುದಿತ್ತು. ಬರೆಯಲಿಲ್ಲ. ಅಕ್ಕನಿಂದ ಹೆಬ್ಬೆರಳಿನ ಚಿತ್ರ ಬಂತು. ನಮ್ಮ ಕಡೆ ಹೆಬ್ಬೆರಳು ಎಂದರೆ ‘ನೋಡಿದೆ, ತಿಳಿಯಲಿಲ್ಲ, ಇರಲಿ’ ಎಂದು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎರಡನೆಯ ಸಿಮ್ಮಿಗೆ ಕರೆ ಬಂತು. ಪರದೆಯ ಮೇಲೆ ‘ರೇಣುಕಕ್ಕ ಕಂಪ್ಲಿ’. ಎತ್ತಿದೆ.

‘ಬಸಪ್ಪಜ್ಜಾರೇನ್ರಿ, ಚೋರನೂರು?’

ಅರೆ, ಅಕ್ಕ ಗುಂಡಿ ಒತ್ತಿ ಪರೀಕ್ಷೆ ಮಾಡುತ್ತಿದ್ದಾರೆ, ಜೊತೆಗೆ ನನ್ನನ್ನೂ ಆಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೆ. ಕರೆದರೆ ಬಿಡುವವನೇ ನಾನು? ಗಂಟಲಲ್ಲಿ ಎಪ್ಪತ್ತು ವರ್ಷ ತುಂಬಿಕೊಂಡೆ.

‘ಹೂಂ ತಾಯೀ, ಬಸಪ್ಪ ಅದೀನಿ. ಯಾರವ್ವಾ ನೀನು?’

‘ನಾನ್ರೀ, ಕಂಪ್ಲಿ ನರ್ಸರಿ ರೇಣುಕಾ. ಮೂವತ್ತು ಸಾವಿರ ಹಾಕೀರಿ, ಖರೇನಾ ಅಂತ ಕೇಳಾಕ ಫೋನು ಮಾಡಿದ್ನಿ.’

‘ಸುಳ್ಳು ಹೇಳೋ ವಯಸ್ಸೇನವ್ವಾ ನಂದು?’

‘ಹಂಗಲ್ಲರೀ ಅಜ್ಜಾರ. ಎಷ್ಟೆಕರೆ ಹಚ್ಚತೀರಿ?’

‘ಮೂರೆಕರೆ. ಆದ್ರ ಈ ಮೊಣಕಾಲು ನೋಡವ್ವಾ, ಹೊಲದತನಕ ನಡಿಯಾಕ ಆಗವಲ್ದು.’ ಇಲ್ಲಿ ಒಂದು ಕೆಮ್ಮು ಸೇರಿಸಿದೆ, ನಿಜವಾದ ಕೆಮ್ಮಿಗಿಂತ ಚೆನ್ನಾಗಿ ಬಂತು.

‘ಅಯ್ಯೋ, ಎಣ್ಣಿ ತಿಕ್ಕಿಸ್ಕಳ್ರಿ ಅಜ್ಜಾರ. ನಮ್ಮಪ್ಪಗೂ ಹಿಂಗ ಇತ್ತು. ಸಸಿ ಬಗ್ಗಿ ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ.’

ಫೋನಿಟ್ಟು ಮಲ್ಲಣ್ಣನಿಗೆ ಹೇಳಿದೆ: ‘ಅಣ್ಣಾ, ರೇಣುಕಕ್ಕ ನನಗಿಂತ ದೊಡ್ಡ ಕಲಾವಿದೆ. ಒಂಚೂರೂ ನಗಲಿಲ್ಲ ನೋಡ್ರಿ.’

ಅದಾದ ಮೇಲೆ ನಾನು ಆ ಕರೆಯನ್ನು ಮರೆತೆ. ಎರಡನೆಯ ಸಿಮ್ಮಿನ ಅವಧಿ ಮುಗಿದು ಅದು ತಣ್ಣಗಾಯಿತು. ನನಗೆ ಅಂಕದ ಗುಂಗು. ತೊಂಬತ್ತಾರಾಯಿತು, ತೊಂಬತ್ತೆಂಟಾಯಿತು. ತೊಂಬತ್ತೊಂಬತ್ತರ ಹತ್ತಿರ ಎಂಟು ದಿನ ನಿಂತೆ. ರೈತರಿಗೆ ಇವತ್ತು ತೆರೆಯೋಣ, ನಾಳೆ ತೆರೆಯೋಣ ಎಂದು ಮುಂದೂಡುತ್ತಾ, ಆ ಕರೆ ಬಂದ ಮೂವತ್ತೆಂಟನೆಯ ದಿನ ನೂರು ಮುಟ್ಟಿದೆ. ಪರದೆಯ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಅವ್ವ ಅದನ್ನು ಬಳಗಕ್ಕೆಲ್ಲ ಕಳಿಸಿ, ಮಗ ಯಾವುದೋ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಎಂದಳು. ನಾನು ತಿದ್ದಲಿಲ್ಲ. ಎರಡು ದಿನ ಬಿಟ್ಟು ನನ್ನ ಮಾಮೂಲಿ ನಂಬರಿಗೆ ರೇಣುಕಕ್ಕನ ಕರೆ ಬಂತು.

‘ಹುಲಿಗೇಶಾ, ಬಸಪ್ಪಜ್ಜಗ ಫೋನು ಹತ್ತವಲ್ದಲ್ಲೋ. ನಿನ್ನ ಯಂತ್ರ ಏನಾರ ಕೆಟ್ಟೇತೇನು? ಸಸಿ ರೆಡಿ ಅದಾವು.’

‘ಯಾವ ಸಸಿ ಅಕ್ಕ?’

‘ಪಟ್ಟಿಯಾಗಿನವು. ಎಲ್ಲಾವು.’

ಕುಳಿತಲ್ಲೇ ಲೆಕ್ಕ ಹಾಕಿದೆ: ಹತ್ತೊಂಬತ್ತು ಜನ, ಒಂದು ಲಕ್ಷದ ಮೇಲೆ ಸಸಿ. ಮಲ್ಲಣ್ಣನಿಗೆ ಹೇಳಿದೆ. ಅವರು ನೋಟುಬುಕ್ಕು ಮುಚ್ಚಿ, ‘ನಿನ್ನ ಹತ್ರ ಎರಡು ಸಾವಿರದ ನಾನೂರು ಟೂಲ್ ಅದಾವಲ್ಲೇ, ಇದಕ್ಕೊಂದು ಐತೇನು ನೋಡು’ ಎಂದರು. ನಿಜ ಹೇಳುತ್ತೇನೆ, ನೋಡಿದೆ. ನಮ್ಮ ಕಸುಬಿನಲ್ಲಿ ಬರೆದ ಪ್ರತಿಯೊಂದು ಸಾಲಿಗೂ ಹಿಂದಿನ ನಕಲು ಇಡುವ ಸಲಕರಣೆ ಇದೆ. ಏನೇ ಕೆಟ್ಟರೂ ಕೆಡುವ ಮೊದಲಿನ ದಿನಕ್ಕೆ ಹೋಗಿ ನಿಲ್ಲಬಹುದು. ಮೆಣಸಿನ ಸಸಿಗೆ ಆ ಏರ್ಪಾಡಿಲ್ಲ. ಮಲ್ಲಣ್ಣ ಗಾಡಿ ತೆಗೆದರು, ನಾನು ಹಿಂದೆ ಕುಳಿತೆ. ದಾರಿಯುದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು. ಹೊಲಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಬೇರೆ ಯಾರೋ ಕೊಟ್ಟ ಸಸಿ.

ನರ್ಸರಿಯಲ್ಲಿ ನೆರಳಿನ ಬಲೆಯ ಕೆಳಗೆ ಟ್ರೇಗಳು ಹಾಸಿಕೊಂಡಿದ್ದವು. ಸಸಿಗಳು ಗೇಣುದ್ದ, ಒಂದೇ ಎತ್ತರ, ಕರಿಹಸಿರು. ಪ್ರತಿ ಸಾಲಿಗೂ ರಟ್ಟಿನ ತುಂಡು ಚುಚ್ಚಿ ಹೆಸರು ಬರೆದಿದ್ದರು. ಮೆಟ್ರಿ ದೊಡ್ಡ ಹನುಮಂತ. ಮೆಟ್ರಿ ಸಣ್ಣ ಹನುಮಂತ. ಇಬ್ಬರ ಟ್ರೇಗಳ ನಡುವೆ ಒಂದು ಹೆಜ್ಜೆ ಜಾಗ ಬಿಟ್ಟಿದ್ದರು, ಜಗಳ ಆಗಬಾರದೆಂದು. ಗಾಳಿ ಚೆನ್ನಾಗಿ ಬರುವ ಮೂಲೆಯಲ್ಲಿ ಬಸಪ್ಪಜ್ಜ.

‘ಅಜ್ಜಗ ವಯಸ್ಸಾಗೇತಿ ಅಂತ ಚಲೋ ಚಲೋವು ಆರಿಸಿ ಇಟ್ಟೀನಿ’ ಎಂದರು ರೇಣುಕಕ್ಕ. ‘ಇದನ್ನೂ ತಂದೀನಿ ನೋಡು, ಅವರ ಮೊಣಕಾಲಿಗೆ.’ ಟ್ರೇಯ ಪಕ್ಕ ಒಂದು ಎಣ್ಣೆಯ ಬಾಟಲಿ ಇತ್ತು.

ನಾನು ಮಲ್ಲಣ್ಣನ ಮುಖ ನೋಡಿದೆ. ಅವರು ಬಲೆಯ ತೂತುಗಳನ್ನು ಎಣಿಸುತ್ತಿದ್ದರು.

‘ಅಕ್ಕ, ಬಸಪ್ಪಜ್ಜ ಬರಂಗಿಲ್ಲ.’

‘ಯಾಕೋ? ಹುಷಾರಿಲ್ಲೇನು?’

‘ಅವರು ಇಲ್ಲಕ್ಕ.’

‘ಅಯ್ಯೋ ಶಿವನೇ!’ ಅಕ್ಕ ಅಲ್ಲೇ ಕುಕ್ಕರಿಸಿದರು. ‘ಯಾವಾಗ ಹೋದ್ರು? ನನ್ನ ಕೂಡ ಎಷ್ಟು ಚಂದ ಮಾತಾಡಿದ್ರಲ್ಲೋ!’

‘ಹೋಗಿಲ್ಲಕ್ಕ. ಹುಟ್ಟೇ ಇಲ್ಲ. ಫೋನಿನ್ಯಾಗ ಮಾತಾಡಿದವ ನಾನು.’

ನಂಬಲಿಲ್ಲ. ಮಾಡಿ ತೋರಿಸು ಎಂದರು. ಆ ಹತ್ತೊಂಬತ್ತು ರಟ್ಟುಗಳ ಎದುರು ನಿಂತು ‘ಹೂಂ ತಾಯೀ, ಬಸಪ್ಪ ಅದೀನಿ’ ಎಂದೆ. ಕೂದಲೆಳೆ ತಪ್ಪಿಲ್ಲದೆ ಬಂತು. ನನ್ನ ಜೀವನದಲ್ಲಿ ಒಂದು ಅನುಕರಣೆ ಅಷ್ಟು ಸರಿಯಾಗಿ ಬಂದು ಯಾರೂ ನಗದೇ ಇದ್ದದ್ದು ಅದೇ ಮೊದಲು.

ರೇಣುಕಕ್ಕ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಮುಂದೆ ಎಲ್ಲಾದರೂ ಮಾಡಿ ತೋರಿಸಬಹುದಿತ್ತು. ‘ಪಟ್ಟಿ ತುಂಬೇತಿ ಅಂತ ಖರೇ ಮಂದೀನ ವಾಪಸ್ ಕಳಿಸೀನಲ್ಲೋ’ ಎಂದು ಒಂದು ಸಲ ಹೇಳಿದರು, ನನಗಲ್ಲ, ಸಸಿಗಳಿಗೆ. ಎದ್ದು ನಿಂತರು. ‘ಈ ಊರಾದ್ರೂ ಖರೇವೇನು? ಇಲ್ಲ ಅವನ್ನೂ ನೀನ ಹುಟ್ಟಿಸೀಯೋ?’

‘ಊರು ಖರೇವಕ್ಕ.’

‘ಹಂಗಾದ್ರ ನಡಿ. ನೀ ಬರದ ಊರಿಗೆಲ್ಲ ನೀನ ಬಾ. ಎಂಟು ದಿನ ಐತಿ.’

ಹೀಗೆ ಒಂದು ಗೂಡ್ಸ್ ಆಟೋದಲ್ಲಿ ಟ್ರೇ ಜೋಡಿಸಿಕೊಂಡು ನಾನು ಹುಟ್ಟಿಸಿದವರ ಊರುಗಳಿಗೆ ಹೊರಟೆವು. ಟ್ರೇಗೆ ತೂಕ ಇರುತ್ತದೆ ಎನ್ನುವುದು ನನಗೆ ಅಂದು ತಿಳಿಯಿತು. ಮೂರನೆಯದನ್ನು ಅರ್ಧ ದಾರಿಯಲ್ಲೇ ಇಳಿಸಿದೆ. ಅಕ್ಕ ನನ್ನ ಟವೆಲ್ ಕಸಿದು, ಗರಗರ ತಿರುವಿ, ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಟ್ರೇ ಕೂರಿಸಿದರು. ನೆಟ್ಟಗೆ ನಿಂತಿತು. ಎರಡು ಸಾವಿರದ ನಾನೂರರಲ್ಲಿ ಇಲ್ಲದ ಸಲಕರಣೆ. ಗುರುತು ಹಾಕಿಟ್ಟುಕೊಳ್ಳಲು ಕೈ ಬಿಡುವಿರಲಿಲ್ಲ.

ಚೋರನೂರಿನಲ್ಲಿ ಚಹಾದ ಅಂಗಡಿಯ ಮುಂದೆ ಇಳಿದೆವು. ನಾನು ಇನ್ನೂ ಸೋಲೊಪ್ಪಿರಲಿಲ್ಲ. ನೂರಕ್ಕೆ ನೂರು ಬಂದ ವೆಬ್‌ಸೈಟನ್ನು ಫೋನಿನಲ್ಲಿ ತೆರೆದು ಅಲ್ಲಿ ಕುಳಿತಿದ್ದ ಹಿರಿಯರೊಬ್ಬರ ಮುಂದೆ ಹಿಡಿದೆ. ನೆತ್ತಿಯ ಬಿಸಿಲಿನಲ್ಲಿ ಬೂದಿನ ಮೇಲೆ ಬೂದು, ಒಂದಕ್ಷರವೂ ಕಾಣಲಿಲ್ಲ. ಅವರು ಹಿಂದೆ ಮುಂದೆ ಸರಿಸಿ ನೋಡಿ, ಮೀಸೆ ಸರಿ ಮಾಡಿಕೊಂಡು, ‘ಕನ್ನಡಿ ಚಲೋ ಐತಿ, ಎಲ್ಲಿ ತಗಂಡಿ?’ ಎಂದರು.

ರೇಣುಕಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಒಂದು ಸಸಿಯ ಕತ್ತು ಹಿಡಿದು ಮೆಲ್ಲಗೆ ಎಳೆದರು. ಬೆಳ್ಳಗಿನ ಬೇರು ಮಣ್ಣು ಹಿಡಿದುಕೊಂಡೇ ಬಂತು. ಹಿರಿಯರು ಅಂಗೈಯಲ್ಲಿಟ್ಟು ಒತ್ತಿದರು, ಮೂಸಿದರು, ಪಕ್ಕದವರಿಗೆ ಕೊಟ್ಟರು. ಸಸಿ ಐದು ಕೈ ಸುತ್ತಿ ಬಂತು. ಅರ್ಧ ನಿಮಿಷವೂ ಹಿಡಿಯಲಿಲ್ಲ, ಅಂಕ ಬಿದ್ದಾಯಿತು ಎಂದು ಅವರ ಮುಖದಲ್ಲೇ ಕಂಡಿತು.

‘ಭಾಳ ಚಲೋ ಅದಾವಲವಾ. ಇಂಥಾವು ಈ ಟೈಮಿನ್ಯಾಗ ಯಾಕ ಉಳದಾವು?’ ಎಂದರು ಹಿರಿಯರು. ಪ್ರಶ್ನೆಯಲ್ಲಿ ಅನುಮಾನ ಇತ್ತು. ಉಳಿದ ಸಸಿ ಎಂದರೆ ಏನೋ ರೋಗ ಇರಬೇಕು.

ಅಕ್ಕ ನನ್ನ ಕಡೆ ನೋಡಿದರು. ‘ನೀ ಹೇಳು. ನಿನ್ನ ದನ್ಯಾಗ ಹೇಳು.’

ತಲೆಯ ಮೇಲೆ ಸಿಂಬಿ ಇಟ್ಟುಕೊಂಡೇ ಹೇಳಿದೆ. ‘ಸಸಿಗೆ ಏನೂ ಆಗಿಲ್ರಿ. ನಾನು ಸುಳ್ಳು ಆರ್ಡರ್ ಹಾಕಿದ್ನಿ. ನಿಮ್ಮ ಊರಾಗ ಬಸಪ್ಪಜ್ಜ ಅಂತ ಒಬ್ಬರನ್ನ ಮಾಡಿದ್ನಿ.’ ದನಿ ತಡವರಿಸಿತು, ಎರಡು ಸಲ ನಿಂತೆ.

‘ಎಷ್ಟೆಕರೆ ಕೊಟ್ಟಿದ್ಯೋ ಅವಂಗ?’ ಎಂದರು ಹಿರಿಯರು.

‘ಮೂರ್ರಿ.’

‘ನಮ್ಮಪ್ಪನ ಎರಡ ಕೊಟ್ಟಾನ ನನಗ! ನೀ ಮೊದಲ ಸಿಕ್ಕಿದ್ರ ಚಲೋ ಇತ್ತಲ್ಲೋ!’ ಎಂದು ತೊಡೆ ತಟ್ಟಿ ನಕ್ಕರು. ನಗುತ್ತಲೇ ಭಾಮೈದನಿಗೆ ಫೋನು ಹಚ್ಚಿದರು. ಭಾಮೈದ ಇನ್ಯಾರಿಗೋ ಹಚ್ಚಿದ. ಸಂಜೆಯ ಹೊತ್ತಿಗೆ ಗಾಡಿ ಬರಿದಾಗಿ, ಮರುದಿನ ಮತ್ತೆರಡು ಖೇಪು ತರಲು ಹೇಳಿದರು. ಯಾರೋ ದೂರದಿಂದ, ‘ಲೇ, ಬಸಪ್ಪಜ್ಜನ ಅಪ್ಪ ಇವನ ನೋಡ್ರಲೇ’ ಎಂದು ಬೆರಳು ತೋರಿಸಿದರು.

ಆಮೇಲೆ ಪ್ರತಿ ಊರಲ್ಲೂ ಅಕ್ಕ ನನ್ನಿಂದ ಅದನ್ನೇ ಹೇಳಿಸಿದರು. ಮೆಟ್ರಿಯಲ್ಲಿ ಹೇಳಿದೆ, ರಾಮಸಾಗರದಲ್ಲಿ ಹೇಳಿದೆ, ಎಮ್ಮಿಗನೂರಿನಲ್ಲಿ ಹೇಳುವ ಹೊತ್ತಿಗೆ ನನಗೆ ರೂಢಿಯಾಗಿ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೆಮ್ಮಬೇಕು ಎಂದು ಹದ ಸಿಕ್ಕಿತ್ತು. ‘ಕಥಿ ಕಮ್ಮಿ ಮಾಡು, ಟ್ರೇ ಇಳಸು’ ಎಂದರು ಅಕ್ಕ. ಮಲ್ಲಣ್ಣ ಗಾಡಿಯ ಹಿಂದೆ ನಿಂತು ಯಾರು, ಯಾವೂರು, ಎಷ್ಟು ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ರೇಣುಕಕ್ಕ ಎರಡು ತಿಂಗಳ ಹಿಂದೆ ಕೇಳಿದ್ದ ಪಟ್ಟಿ ಹೀಗೆ ತಯಾರಾಯಿತು. ಏಳನೆಯ ದಿನಕ್ಕೆ ನಲವತ್ತು ಟ್ರೇ ಬಿಟ್ಟು ಎಲ್ಲ ಹೋದವು. ಆ ನಲವತ್ತರ ಸಸಿ ಕಾಂಡ ಉದ್ದವಾಗಿ ಕೆಟ್ಟಿತ್ತು. ಅಕ್ಕ ನೋಡಿ ಗೊಬ್ಬರದ ಗುಂಡಿಗೆ ಸುರಿಸಿದರು. ಅದೂ ನನ್ನ ಕೈಯಿಂದಲೇ. ಎಣ್ಣೆಯ ಬಾಟಲಿಯನ್ನು ನನ್ನ ಬೆನ್ನಿಗೆಂದು ಕೊಟ್ಟರು. ಕೊಡುವಾಗ ನಗಲಿಲ್ಲ, ಆದರೆ ಮುಚ್ಚಳ ಬಿಗಿ ಮಾಡಿ ಕೊಟ್ಟರು.

ಹಂಗಾಮು ಮುಗಿದ ಮೇಲೆ, ಮುಂದಿನದಕ್ಕೆಂದು ಅಕ್ಕ ಮತ್ತೆ ಆಫೀಸಿಗೆ ಬಂದರು. ಬೇರೆ ಯಾರ ಹತ್ತಿರವಾದರೂ ಹೋಗಬಹುದಿತ್ತು. ‘ಇವ ಮಾಡೋ ತಪ್ಪು ನನಗ ಗೊತ್ತಾಗೇತಿ, ಹೊಸಬ ಬಂದ್ರ ಹೊಸ ತಪ್ಪು ಮಾಡತಾನ’ ಎಂದು ಮಲ್ಲಣ್ಣನಿಗೆ ಹೇಳಿದರಂತೆ. ಈ ಸಲ ಕುರ್ಚಿಯ ತುದಿಯಲ್ಲಲ್ಲ, ನನ್ನ ಪಕ್ಕದಲ್ಲೇ ಕುಳಿತು ಮಾಡಿಸಿದರು. ಕಪ್ಪು ಅಕ್ಷರ, ಬಿಳಿ ಹಿನ್ನೆಲೆ, ನಂಬರು ಕಾಣುವಂತೆ, ಸಸಿಯ ಫೋಟೋ ಸಸಿಯಂತೆ. ಅಂಕ ಎಪ್ಪತ್ನಾಲ್ಕಕ್ಕೆ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಇನ್ನು ಸುಳ್ಳು ಆರ್ಡರು ತಡೆಯಲು ಒಂದು ಉಪಾಯ ಬೇಕಲ್ಲ. ನಾನು ನನ್ನ ಗಂಟಿನಿಂದ ನಾಲ್ಕು ಸಲಕರಣೆ ತೆಗೆದು ತೋರಿಸಿದೆ. ತುಂಬುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ತಿಳಿಯಲು ಬಸ್ಸಿನ ಚಿತ್ರ ಒತ್ತಿಸುವುದು, ಸೊಟ್ಟ ಅಕ್ಷರ ಓದಿಸುವುದು, ಇಂಥವು. ಅಕ್ಕ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

‘ಇವೆಲ್ಲ ಬ್ಯಾಡ. ಒಂದ ಪ್ರಶ್ನಿ ಹಾಕು. ನಿಮ್ಮ ಹೊಲಕ್ಕ ನೀರು ಎಲ್ಲಿಂದ ಬರತೈತಿ?’

‘ಅಷ್ಟ ಸಾಕೇನಕ್ಕ?’

‘ಎಕರೆ ಎಷ್ಟು ಅಂದ್ರ ಯಾರ ಬೇಕಾದ್ರೂ ಹೇಳತಾರ, ನೀನೂ ಹೇಳಿದಿ. ನೀರು ಕೇಳಿ ನೋಡು. ಯಾವ ಕಾಲುವಿ, ಯಾವ ತೂಬು, ತಮ್ಮ ಸರದಿ ಯಾವತ್ತು, ಮ್ಯಾಲಿನ ಹೊಲದವ ಎಷ್ಟು ಕದೀತಾನ, ಬೋರ್ ಇದ್ರ ಎಷ್ಟು ಇಂಚು, ಕರೆಂಟು ಯಾವಾಗ ಕೊಡತಾರ, ಎಲ್ಲಾ ಬರೀತಾರ. ಬರಿಯಾಕ ಜಾಗ ದೊಡ್ಡದು ಬಿಡು. ಯಾರಿಗೆ ಉತ್ತರ ಬರಲಿಲ್ಲೋ ಅವರ ಮುಂದ ‘ಸುಳ್ಳು’ ಅಂತ ಒಂದು ಗುಂಡಿ ಇಡು. ಒತ್ತಿದ್ರ ಹೋಗಬೇಕು.’

ಇಟ್ಟೆ. ಈ ಸಲ ರೈತರಿಗೆ ತೆರೆದೂ ಬಿಟ್ಟೆ. ಮೊದಲ ವಾರದಲ್ಲಿ ಇಪ್ಪತ್ತಾರು ಜನ ತುಂಬಿದರು. ನೀರಿನ ಪ್ರಶ್ನೆಗೆ ಒಬ್ಬೊಬ್ಬರೂ ಅರ್ಜಿಯಷ್ಟು ಉದ್ದ ಬರೆದಿದ್ದರು. ಒಬ್ಬರಂತೂ ತೂಬಿನ ಬಾಗಿಲು ತುಕ್ಕು ಹಿಡಿದದ್ದರ ಫೋಟೋ ಕಳಿಸಲು ಜಾಗ ಎಲ್ಲಿದೆ ಎಂದು ಕೇಳಿದ್ದರು.

ಅದನ್ನೆಲ್ಲ ಓದಿ ನನಗೂ ಆಸೆಯಾಯಿತು. ಮನೆಯ ಮಾಳಿಗೆಯ ಮೇಲೆ ಅವ್ವನ ಎರಡು ಕುಂಡ ಖಾಲಿ ಇದ್ದವು. ಆಟಕ್ಕಲ್ಲ, ಪರೀಕ್ಷೆಗಲ್ಲ, ನಿಜಕ್ಕೂ ಬೇಕಾಗಿ, ನನ್ನದೇ ಹೆಸರು, ನನ್ನದೇ ನಂಬರು ಹಾಕಿ ಆರು ಸಸಿಗೆ ಆರ್ಡರ್ ತುಂಬಿದೆ. ನೀರಿನ ಜಾಗಕ್ಕೆ ಬಂದಾಗ ಸ್ವಲ್ಪ ಯೋಚಿಸಿ ‘ಇದೆ’ ಎಂದು ಬರೆದೆ. ಹತ್ತು ನಿಮಿಷದಲ್ಲಿ ಕರೆ ಬಂತು.

‘ಹುಲಿಗೇಶಾ, ಹೊಲ ಎಲ್ಲೈತೋ ನಿಂದು?’

‘ಮಾಳಿಗಿ ಮ್ಯಾಲಕ್ಕ. ಎರಡು ಕುಂಡ.’

‘ನೀರು ಎಲ್ಲಿಂದ?’

‘ನಳದ್ದಕ್ಕ.’

‘ನಳ ಎಷ್ಟು ದಿನಕ್ಕೊಮ್ಮಿ ಬರತೈತಿ?’

ಗೊತ್ತಿರಲಿಲ್ಲ.

‘ಕುಂಡಕ್ಕ ಯಾರು ಹಾಕತಾರ?’

‘ಅವ್ವ ಹಾಕತಾಳ.’

‘ಹಂಗಾದ್ರ ನಿಮ್ಮವ್ವಗ ಫೋನು ಕೊಡು.’

ಕೊಟ್ಟೆ. ಇಬ್ಬರೂ ನಲವತ್ತು ನಿಮಿಷ ಮಾತಾಡಿದರು. ಆರು ಸಸಿಗೆ ಖಾತ್ರಿ ಸಿಕ್ಕಿತು, ಅವ್ವನ ಹೆಸರಿನಲ್ಲಿ. ನನ್ನ ಹೆಸರು ಏನಾಯಿತೆಂದು ಪಟ್ಟಿ ತೆರೆದು ನೋಡಿದೆ, ಇರಲಿಲ್ಲ. ಅಕ್ಕ ‘ಸುಳ್ಳು’ ಗುಂಡಿ ಒತ್ತಿದ್ದರು. ನಾನು ಮಾಡಿದ್ದರಲ್ಲಿ ಅದೊಂದು, ಹೇಳಲೇಬೇಕು, ಒಂದೇ ಸಲಕ್ಕೆ ಕೆಲಸ ಮಾಡುತ್ತದೆ.